ಬಾಣಂತಿಗಿಂತ ಮೊದಲು ಬಾಣಂತಿಯ ಅಮ್ಮನಿಗೆ

ಆಶಾ ಕಾರ್ಯಕರ್ತೆಯಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಬಾಣಂತಿ ಮನೆಗೆ ಹೋಗಿ, ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಗಿಣಿಪಾಠ ಒಪ್ಪಿಸಿ, "ಅರ್ಥ ಆಯ್ತಾ?" ಅನ್ನುತ್ತಿದ್ದೆ. ಹುಡುಗಿ ತಲೆ ಆಡಿಸುತ್ತಿದ್ದಳು. ನಾನು ಫಾರಂ ತುಂಬಿಕೊಂಡು ಬರುತ್ತಿದ್ದೆ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28, 42ನೇ ದಿನ ಮನೆಗೆ ಹೋಗಿ ಮಗುವನ್ನು ನೋಡಬೇಕು. ಒಂದು ಮನೆಗೆ 7ನೇ ದಿನ ಹೋಗಿ ಬಟ್ಟೆ ಸರಿಸಿದರೆ ಹೊಕ್ಕುಳಿಗೆ ಹರಳೆಣ್ಣೆ ಮೆತ್ತಿದೆ, ಸುತ್ತ ಕೆಂಪು, ವಾಸನೆ ಬೇರೆ. "ಏನೂ ಹಚ್ಚಬೇಡ ಅಂದಿದ್ನಲ್ಲಮ್ಮ" ಅಂದೆ. ಹುಡುಗಿ ಮಾತಾಡದೆ ಬಾಗಿಲ ಕಡೆ ನೋಡಿದಳು. ಅಲ್ಲಿ ಅವಳ ಅಮ್ಮ ನಿಂತಿದ್ದರು. ಮಗುವನ್ನು ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ವಾಸಿಯಾಯಿತು. ಆದರೆ ಚೊಚ್ಚಲ ಹೆರಿಗೆ ಅಂದರೆ ತವರುಮನೆ, ಅಲ್ಲಿ ಮಗು ಎತ್ತೋದು, ಎರೆಯೋದು, ಮಲಗಿಸೋದು ಎಲ್ಲ ಅಜ್ಜಿಯೇ, ನಾನು ಮಾತ್ರ ಆ ಹುಡುಗಿಗೆ ಪಾಠ ಮಾಡ್ಕೊಂಡು ಕೂತಿದ್ದೆ ನೋಡಿ!

ಅಂದಿನಿಂದ ಅಜ್ಜಿ ಬಂದು ಕೂರದೆ ನಾನು ಮಾತು ಶುರು ಮಾಡಲ್ಲ. ನಿಮ್ಮ ಕಾಲದಲ್ಲಿ ಏನು ಮಾಡ್ತಿದ್ರಿ ಅಂತ ಮೊದಲು ಅವರನ್ನೇ ಕೇಳುತ್ತೇನೆ. ಅರ್ಧ ಗಂಟೆ ಹೋಗುತ್ತೆ, ಹೋಗಲಿ. ಮಗು ಬೆಚ್ಚಗಿರಬೇಕು ಅನ್ನುತ್ತಾರೆ, ಅದು ಸರಿಯೇ. ಜೇನುತುಪ್ಪ, ಬಜೆ ತೇಯ್ದು ನೆಕ್ಕಿಸುವುದು, ಮಗುವಿಗೆ ಸಾಂಬ್ರಾಣಿ ಹೊಗೆ ಹಾಕುವುದು, ಇವಕ್ಕೆ ಮಾತ್ರ ನಾನು ಒಪ್ಪಲ್ಲ.

ಜಗಳ ಜಾಸ್ತಿ ಆಗೋದು ಹಾಲಿನ ವಿಷಯಕ್ಕೆ. "ಹಾಲು ಸಾಲ್ತಿಲ್ಲ, ಡಬ್ಬಿ ಹಾಲು ಕೊಡ್ತೀವಿ." ವಾದ ಮಾಡಿ ಉಪಯೋಗವಿಲ್ಲ, ಉಚ್ಚೆ ಎಣಿಸಿ ಅನ್ನುತ್ತೇನೆ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಹೊಯ್ದು, ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ ಅಂತಲೇ ಲೆಕ್ಕ. ಒಬ್ಬರು ಅಜ್ಜಿ ಸಲಕ್ಕೊಂದು ಹುಣಸೆ ಬೀಜ ಲೋಟಕ್ಕೆ ಹಾಕಿಟ್ಟಿದ್ದರು. ಸಂಜೆ ಎಣಿಸಿದರೆ ಎಂಟು. ಡಬ್ಬಿ ಮಾತು ಅಲ್ಲಿಗೆ ನಿಂತಿತು.

ಇನ್ನೊಂದು, ಬಾಣಂತಿ ಕೋಣೆ ಕತ್ತಲೆ. ಅಲ್ಲಿ ಕಾಮಾಲೆ ಕಾಣೋದೇ ಇಲ್ಲ. ಮಗುವನ್ನು ಬೆಳಕಿಗೆ ತಂದು, ಅಂಗಾಲನ್ನು ಹೆಬ್ಬೆರಳಲ್ಲಿ ಒತ್ತಿ ಬಿಟ್ಟು ನೋಡಬೇಕು. ಇದನ್ನು ನಾನು ಮಾಡಿ ತೋರಿಸಲ್ಲ, ಹುಡುಗಿ ಕೈಯಲ್ಲೇ ಮಾಡಿಸುತ್ತೇನೆ, ಅವಳ ಅಮ್ಮನ ಎದುರಿಗೇ. ಮೊದಲ ಸಲ ಕೈ ನಡುಗುತ್ತೆ ಪಾಪ. ಅಂಗಾಲು ಹಳದಿ ಕಂಡರೆ, ಮಗು ಹಾಲು ಚೀಪುವುದು ಬಿಟ್ಟರೆ, ಮೈ ತಣ್ಣಗಾದರೆ, ಉಸಿರಾಡುವಾಗ ಎದೆ ಒಳಗೆ ಎಳೆದುಕೊಂಡರೆ ನನಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ, ಆಮೇಲೆ ನನಗೆ ಹೇಳಿ.