ಮುಂದೆ ಯಾವ ಪುಸ್ತಕ? ಈಗಷ್ಟೇ ಮುಗಿಸಿದ್ದನ್ನೇ ಕೇಳಿ

ಮುಂಬೈ ಕನ್ನಡಿಗರ ಮನೆಗಳಲ್ಲಿ ಪುಸ್ತಕಕ್ಕೆ ಬರವಿಲ್ಲ. ಸನ್ಮಾನದಲ್ಲಿ ಹಾರದ ಜೊತೆ ಬಂದವು, ಮಾಟುಂಗದ ಪುಸ್ತಕ ಬಿಡುಗಡೆ ಸಮಾರಂಭದಲ್ಲಿ ಲೇಖಕರ ದಾಕ್ಷಿಣ್ಯಕ್ಕೆ ಕೊಂಡವು, ಊರಿನಿಂದ ಹೊರಡುವಾಗ ಹಪ್ಪಳದ ಡಬ್ಬಿಯ ಪಕ್ಕ ತುರುಕಿಕೊಂಡು ತಂದವು ಎಲ್ಲವೂ ಟಿ.ವಿ. ಮೇಲಿನ ಕಪಾಟಿನಲ್ಲಿ ನಿಂತಿರುತ್ತವೆ. ಇಷ್ಟಿದ್ದರೂ ಒಂದು ಕಾದಂಬರಿ ಮುಗಿದ ಮೇಲೆ ಮುಂದೇನು ಎಂದು ತೋಚದೆ ವಾರಗಟ್ಟಲೆ ಮೊಬೈಲ್ ತಿಕ್ಕುತ್ತಾ ಕೂರುತ್ತೇವೆ. ಆಮೇಲೆ ಯಾರನ್ನಾದರೂ ಹಿಡಿದು ‘ಒಳ್ಳೆಯ ಪುಸ್ತಕ ಯಾವುದಾದರೂ ಇದ್ದರೆ ಹೇಳಿ’ ಎನ್ನುತ್ತೇವೆ. ಅವರು ಪ್ರಶಸ್ತಿ ಬಂದ ನಾಲ್ಕು ಹೆಸರು ಹೇಳುತ್ತಾರೆ.

ಪ್ರಶಸ್ತಿಯ ಬಗ್ಗೆ ನನಗೆ ತಕರಾರಿಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ ಕನ್ನಡ ಪುಸ್ತಕವನ್ನೇ ಮರೆತಿದ್ದವರೂ ಅಂಗಡಿಗೆ ಹೋದರು, ಅದು ಆಗಬೇಕಾದದ್ದೇ. ಆದರೆ ಪ್ರಶಸ್ತಿ ಸಮಿತಿಗೆ ನಿಮ್ಮ ಪರಿಚಯವಿಲ್ಲ. ನಿಮ್ಮ ರುಚಿ ಎಲ್ಲಿ ಕುದುರುತ್ತದೆ, ಎಲ್ಲಿ ಆಕಳಿಕೆ ಬರುತ್ತದೆ ಎಂಬುದಕ್ಕೆ ನಂಬಬಹುದಾದ ಸಾಕ್ಷಿ ನೀವು ಈಗಷ್ಟೇ ಓದಿ ಮುಗಿಸಿದ ಪುಸ್ತಕ. ಮುಂದಿನದರ ದಾರಿಯನ್ನು ಅಲ್ಲಿಂದಲೇ ಹಿಡಿಯಬೇಕು.

ಮೊದಲು ಒಂದು ಸಾಲು ಬರೆಯಿರಿ

ಪುಸ್ತಕ ಮುಚ್ಚಿದ ದಿನವೇ, ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲಿನಿಂದ ಒಂದು ಸಾಲು ಬರೆಯಿರಿ. ಗ್ರಂಥಾಲಯದ ಪುಸ್ತಕವಾದರೆ ದಯವಿಟ್ಟು ಮೊಬೈಲಿನಲ್ಲಿ. ಬರೆಯಬೇಕಾದದ್ದು ಕಥಾಸಾರವನ್ನಲ್ಲ, ನಿಮ್ಮನ್ನು ಹಿಡಿದಿಟ್ಟದ್ದು ಏನು ಎಂಬುದನ್ನು. ‘ಚೆನ್ನಾಗಿತ್ತು’ ಎಂದರೆ ಲೆಕ್ಕಕ್ಕಿಲ್ಲ. ಒಂದು ಊರು ಹಿಡಿದಿರಬಹುದು, ಒಂದು ಕಸುಬು, ಉತ್ತರ ಸಿಗದೆ ಉಳಿದ ಪ್ರಶ್ನೆ, ಅಥವಾ ಬರೀ ಭಾಷೆ.

ಯಶವಂತ ಚಿತ್ತಾಲರ ‘ಶಿಕಾರಿ’ಯನ್ನೇ ತೆಗೆದುಕೊಳ್ಳೋಣ. 1979ರ ಈ ಕಾದಂಬರಿ ಮುಂಬೈಯ ರಾಸಾಯನಿಕ ಕಂಪನಿಯೊಂದರಲ್ಲಿ ಒಳಸಂಚಿಗೆ ಸಿಕ್ಕಿ ಅಮಾನತಾದ ನಾಗಪ್ಪನ ಕಥೆ. ಮೂವರು ಓದಿದರೆ ಮೂರು ಸಾಲು ಹುಟ್ಟುತ್ತವೆ. ‘ಕಚೇರಿಯಲ್ಲಿ ಭಯ ಹೇಗೆ ಬೆಳೆಯುತ್ತದೆ’ ಎಂದು ಬರೆದವರಿಗೆ ಮುಂದೆ ಇನ್ನೊಂದು ಕಾದಂಬರಿಯೇ ಬೇಕೆಂದಿಲ್ಲ. ಯಾರ ಕೈಯಲ್ಲಿ ಯಾರ ಅನ್ನವಿದೆ ಎಂಬುದೇ ಅವರನ್ನು ಕಾಡಿದ್ದು. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಶುರುವಾದ ಮುಂಬೈ ಬಟ್ಟೆ ಗಿರಣಿ ಮುಷ್ಕರದ ಚರಿತ್ರೆ ಅವರಿಗೆ ಸರಿಹೊಂದಬಹುದು. ಗಿರಣಿಗಳ ಕೇರಿಯಾದ ಗಿರಣಗಾಂವಿನ ಕಾರ್ಮಿಕರ ಬಾಯಿಮಾತುಗಳನ್ನೇ ಕಲೆಹಾಕಿ ಮೀನಾ ಮೆನನ್ ಮತ್ತು ನೀರಾ ಅಡಾರ್ಕರ್ 2004ರಲ್ಲಿ ಹೊರತಂದ ಇಂಗ್ಲಿಷ್ ಪುಸ್ತಕ ಕಥಾಸಂಕಲನದಷ್ಟೇ ಸಲೀಸಾಗಿ ಓದಿಸಿಕೊಳ್ಳುತ್ತದೆ. ‘ಈ ಊರಿನಲ್ಲಿ ಒಂಟಿಯಾಗಿರುವುದು’ ಎಂದು ಬರೆದವರು ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳಿಗೆ ಹೋಗಲಿ. ಅದೇ ಒಂಟಿತನಕ್ಕೆ ಅಲ್ಲಿ ಬೇರೆ ಬೆಳಕು ಬೀಳುತ್ತದೆ. ಮೂರನೆಯವರು ‘ಚಿತ್ತಾಲರು ಮನಸ್ಸನ್ನು ಬಿಡಿಸುವ ರೀತಿ’ ಎಂದು ಬರೆದರೆ ಅವರಿಗೆ ಮುಂಬೈಯೇ ಬೇಡ. ಚಿತ್ತಾಲರು ತಮ್ಮ ಹುಟ್ಟೂರು ಹನೇಹಳ್ಳಿಯ ಬಗ್ಗೆ ಬರೆದ ಕಥೆಗಳನ್ನು ಹಿಡಿದು ಉತ್ತರ ಕನ್ನಡಕ್ಕೆ ಇಳಿಯುವುದು ಒಳ್ಳೆಯದು. ಪುಸ್ತಕ ಒಂದೇ ಇದ್ದರೂ ಮೂವರ ದಾರಿ ಮೂರು. ಆದ್ದರಿಂದಲೇ ‘ಶಿಕಾರಿ ಆಯಿತು, ಮುಂದೇನು?’ ಎಂದು ಕೇಳಿದವರಿಗೆ ತಟ್ಟನೆ ಒಂದು ಹೆಸರು ಹೇಳುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಕಪಾಟು ದಾಟಿ

ಕಾದಂಬರಿ ಓದುವವರು ಕಾದಂಬರಿಯನ್ನೇ, ಇತಿಹಾಸ ಓದುವವರು ಇತಿಹಾಸವನ್ನೇ ಓದುತ್ತಾ ಹೋಗುವುದಕ್ಕೆ ಅರ್ಧ ಕಾರಣ ಅಭ್ಯಾಸವಾದರೆ ಇನ್ನರ್ಧ ಕಪಾಟು. ಗ್ರಂಥಾಲಯಗಳು ಪುಸ್ತಕಗಳನ್ನು ವಿಷಯವಾರು ಜೋಡಿಸಲು ಬಳಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಸಂಗೀತ 780ರಲ್ಲಿ, ಜೀವನಚರಿತ್ರೆ 920ರಲ್ಲಿ, ಸಸ್ಯಗಳು 580ರಲ್ಲಿ, ಭಾರತದ ಇತಿಹಾಸ 954ರಲ್ಲಿ. ಗಾಯಕನೊಬ್ಬನ ಕುರಿತ ಕಾದಂಬರಿ ಒಂದು ಕೋಣೆಯಲ್ಲಿ, ಗಾಯಕನೇ ಬರೆದ ಆತ್ಮಕಥೆ ಇನ್ನೊಂದರಲ್ಲಿ. ಪುಸ್ತಕ ಹುಡುಕಲು ಈ ವಿಂಗಡಣೆ ಬೇಕೇ ಬೇಕು, ಓದಿಗೆ ಮಾತ್ರ ಅದು ಅಡ್ಡಗೋಡೆ. ಗೋಡೆ ದಾಟುವ ಕೆಲಸ ನಮ್ಮದು.

ಎಸ್.ಎಲ್. ಭೈರಪ್ಪನವರ ‘ಮಂದ್ರ’ ಓದಿದವರಿಗೆ ಒಂದು ಕಿರಿಕಿರಿ ಉಳಿದೇ ಉಳಿಯುತ್ತದೆ. ಇಷ್ಟು ಎತ್ತರದ ಗಾಯನ, ಇಷ್ಟು ಕೆಳಗಿನ ನಡತೆ, ಎರಡೂ ಒಬ್ಬನೊಳಗೇ ಹೇಗೆ? ಇನ್ನೊಂದು ಸಂಗೀತದ ಕಾದಂಬರಿ ಹುಡುಕುವ ಬದಲು ಇಲ್ಲಿ ಕಪಾಟು ದಾಟಿ ಮಲ್ಲಿಕಾರ್ಜುನ ಮನ್ಸೂರರ ಆತ್ಮಕಥೆ ‘ನನ್ನ ರಸಯಾತ್ರೆ’ ತೆಗೆದುಕೊಳ್ಳಿ. ಧಾರವಾಡದ ಸೀಮೆಯಿಂದ ಹೊರಟ ಹುಡುಗ ಮುಂಬೈಗೆ ಬಂದು ಹಿಂದೂಸ್ತಾನಿ ಸಂಗೀತದ ಜೈಪುರ ಅತ್ರೌಲಿ ಘರಾಣೆಯ (ಗಾಯನ ಪರಂಪರೆಯ) ಮಂಜಿ ಖಾನರ ಮುಂದೆ ಕೂರುತ್ತಾನೆ. 1937ರಲ್ಲಿ ಮಂಜಿ ಖಾನರು ತೀರಿಕೊಂಡ ಮೇಲೆ ಅವರ ತಮ್ಮ ಬುರ್ಜಿ ಖಾನರಲ್ಲಿ ಕಲಿಕೆ ಮುಂದುವರಿಯುತ್ತದೆ. ಕಾದಂಬರಿಯ ಕಿರಿಕಿರಿಗೆ ಆತ್ಮಕಥೆ ಉತ್ತರ ಕೊಡುವುದಿಲ್ಲ, ಅದಕ್ಕೆ ಆ ಗರಜೂ ಇಲ್ಲ. ರಿಯಾಜ್ ಎಂದರೆ ದಿನನಿತ್ಯ ಏನು, ಗುರುವಿನ ಮುಂದೆ ಶಿಷ್ಯ ಹೇಗೆ ಕೂರುತ್ತಾನೆ ಎಂಬುದನ್ನು ಹತ್ತಿರದಿಂದ ತೋರಿಸುತ್ತದೆ. ನಿಮ್ಮ ಪ್ರಶ್ನೆಯೇ ಬದಲಾಗುತ್ತದೆ.

ಅಲ್ಲಿಂದ ಇನ್ನೂ ಒಂದು ಹೆಜ್ಜೆ. ಅದೇ ಬುರ್ಜಿ ಖಾನರ ಇನ್ನೊಬ್ಬ ಶಿಷ್ಯೆ ಧೋಂಡೂತಾಯಿ ಕುಲಕರ್ಣಿ ಮುಂಬೈಯ ಕೆನಡಿ ಸೇತುವೆಯ ಬಳಿಯ ಮನೆಯಲ್ಲಿ ಪಾಠ ಹೇಳುತ್ತಿದ್ದರು. ಅಲ್ಲಿ ಕಲಿಯಲು ಹೋಗುತ್ತಿದ್ದ ಹುಡುಗಿ ನಮಿತಾ ದೇವಿದಯಾಳ್ 2007ರಲ್ಲಿ ‘ದ ಮ್ಯೂಸಿಕ್ ರೂಮ್’ ಬರೆದರು. ಹೆಣ್ಣುಮಕ್ಕಳು ಈ ವಿದ್ಯೆಗೆ ತೆತ್ತ ಬೆಲೆ ಏನು ಎಂಬುದು ಆ ಪುಸ್ತಕದಲ್ಲಿ ಎದುರಿಗೆ ಬರುತ್ತದೆ. ಅದನ್ನು ಮುಗಿಸಿ ‘ಮಂದ್ರ’ಕ್ಕೆ ಮರಳಿದರೆ ಅಲ್ಲಿನ ಹೆಂಗಸರು ಮೊದಲಿನಂತೆ ಕಾಣಲಾರರು. ಕಾದಂಬರಿ, ಆತ್ಮಕಥೆ, ನೆನಪಿನ ಕಥನ, ಎರಡು ಭಾಷೆ, ಒಂದೇ ಘರಾಣೆ. ಇದನ್ನು ಯಾವ ಪಟ್ಟಿಯೂ ನಿಮಗೆ ಜೋಡಿಸಿಕೊಡುವುದಿಲ್ಲ.

ಹೀಗೆ ದಾಟಲು ಒಂದು ಸುಲಭದ ಉಪಾಯವಿದೆ. ಬರೆದಿಟ್ಟ ಸಾಲಿನಿಂದ ಪಾತ್ರದ ಹೆಸರು ತೆಗೆದುಹಾಕಿ, ಕಸುಬು ಅಥವಾ ಊರನ್ನು ಮಾತ್ರ ಉಳಿಸಿ. ಆ ಪದವನ್ನು ಗ್ರಂಥಾಲಯದ ಸೂಚಿಯಲ್ಲಿ ಹುಡುಕಿದರೆ ಗೋಡೆಯ ಆಚೆ ಬದಿ ಸಿಗುತ್ತದೆ.

ಕಥೆ ಎಂದರೆ ಮೂಗು ಮುರಿಯುವವರಿಗೆ

‘ಕಟ್ಟುಕಥೆ ಓದಲು ನನಗೆ ಪುರಸೊತ್ತಿಲ್ಲ, ಮಾಹಿತಿ ಇರುವುದನ್ನು ಮಾತ್ರ ಓದುತ್ತೇನೆ’ ಎನ್ನುವವರು ಎಲ್ಲ ಸಂಘಗಳಲ್ಲೂ ಇದ್ದಾರೆ, ಹೆಚ್ಚಾಗಿ ಗಂಡಸರು. ಅವರಿಗೆ ನೇರವಾಗಿ ಕಾದಂಬರಿ ಕೊಡಬಾರದು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೊಡಿ. ಮದರಾಸಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದ ಸ್ವಾಮಿ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋಗಿ ಗಿಡ ತೋರಿಸುವ ಪುಸ್ತಕ ಅದು. 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಾಹಿತಿ ಎಂದು ಓದತೊಡಗಿದವರು ಹುಡುಗರ ಚೇಷ್ಟೆಗೆ ನಗತೊಡಗುತ್ತಾರೆ. ನಕ್ಕರೆ ಕೆಲಸ ಆಯಿತು. ಮುಂದಿನದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980): ವಿಜ್ಞಾನಿಯೂ ರೈತನೂ ಊರ ಜನರೂ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ಹೊಗುವ ಕಾದಂಬರಿ. ವಿಜ್ಞಾನದ ಪುಸ್ತಕ ಯಾವಾಗ ಕಾದಂಬರಿಯಾಯಿತು ಎಂದು ಓದುಗನಿಗೆ ಗೊತ್ತೇ ಆಗಬಾರದು, ಹಾಗೆ ದಾಟಿಸಬೇಕು.

ಪತ್ತೇದಾರಿ, ಪ್ರವಾಸ, ವಿಜ್ಞಾನ, ಹಾಸ್ಯ ಯಾವುದೇ ಪ್ರಕಾರವಿರಲಿ, ಇದೇ ಸೂತ್ರ. ಶ್ರೀಮಂತರಾಗುವುದು ಹೇಗೆಂದು ಹೇಳಿಕೊಡುವ ಪುಸ್ತಕಗಳಿಗೆ ಸಂಬಂಧಿಸಿದಂತೆ ನನ್ನ ಸಲಹೆ ಇಷ್ಟೇ: ಒಂದು ಓದಿದ್ದರೆ ಎರಡನೆಯದು ಬೇಡ.

ಗಾಡಿಯ ಪುಸ್ತಕ, ಭಾನುವಾರದ ಪುಸ್ತಕ

ಆಯ್ಕೆ ತಪ್ಪಿತೆಂದು ಬಿಟ್ಟ ಪುಸ್ತಕಗಳಲ್ಲಿ ಅನೇಕವು ಒಳ್ಳೆಯವೇ, ಹೊತ್ತು ತಪ್ಪಿ ಬಂದಿರುತ್ತವೆ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಸ್ಲೋ ಲೋಕಲ್ ಹಿಡಿದರೆ ಒಂದು ಗಂಟೆ ಮೀರುತ್ತದೆ. ಆದರೆ ಆ ಗಂಟೆ ಇಡಿಯಾಗಿ ಸಿಗುವುದಿಲ್ಲ. ಠಾಣೆಯಲ್ಲಿ ನೂಕು, ಕುರ್ಲಾದಲ್ಲಿ ಇನ್ನೊಂದು, ದಾದರಿನಲ್ಲಿ ಸೀಟು ಖಾಲಿಯಾದರೆ ಸರಿದು ಕೂರುವ ಗಡಿಬಿಡಿ. ಒಂದು ಕೈ ಮೇಲಿನ ಹಿಡಿಯಲ್ಲಿ, ಇನ್ನೊಂದರಲ್ಲಿ ಪುಸ್ತಕ, ಪುಟ ಮಗುಚಲು ಹೆಬ್ಬೆರಳೇ ಗತಿ. ಈ ಸ್ಥಿತಿಗೆ ಒಪ್ಪುವುದು ಸಣ್ಣಕಥೆ, ಪ್ರಬಂಧ, ಚಿಕ್ಕ ಅಧ್ಯಾಯಗಳ ಆತ್ಮಕಥೆ. ಅಡಿಟಿಪ್ಪಣಿಗಳಿರುವ ಇತಿಹಾಸ ಗ್ರಂಥವನ್ನು ಗಾಡಿಗೆ ಒಯ್ದರೆ ಅದೇ ಪುಟವನ್ನು ಭಾಂಡುಪಿನಿಂದ ಘಾಟ್‌ಕೋಪರ್‌ವರೆಗೆ ಓದುತ್ತಿರುತ್ತೀರಿ.

ಆದ್ದರಿಂದ ಒಮ್ಮೆಗೆ ಎರಡು ಆರಿಸಿ. ಚೀಲಕ್ಕೆ ಹಗುರವಾದ ಒಂದು, ಮನೆಗೆ ದಪ್ಪದ್ದೊಂದು. ಒಂದು ಕಥೆಯಾದರೆ ಇನ್ನೊಂದು ಕಥೆಯಲ್ಲದ್ದು ಇರಲಿ. ಎರಡು ಕಾದಂಬರಿಗಳನ್ನು ಜೊತೆಯಲ್ಲಿ ಓದಿದರೆ ಒಂದರ ಅತ್ತೆ ಇನ್ನೊಂದರ ಮನೆಗೆ ಬಂದು ಕೂರುತ್ತಾಳೆ. ಗಾಡಿಯಲ್ಲಿ ದಿನಕ್ಕೆ 25 ಪುಟ ಸಾಗಿದರೂ 250 ಪುಟದ ಪುಸ್ತಕ ಹತ್ತು ಕೆಲಸದ ದಿನಗಳಲ್ಲಿ ಮುಗಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೀಲದ ಪುಸ್ತಕಕ್ಕೆ ಹಾಲಿನ ಪ್ಲಾಸ್ಟಿಕ್ ಚೀಲದ ಹೊದಿಕೆ ಕಡ್ಡಾಯ, ಒರೆಸಿ ಒಣಗಿಸಿದ್ದು.

ಅಂಗಡಿಯ ಮುಂದೆ ನಿಂತು

ಕಿಂಗ್ಸ್ ಸರ್ಕಲಿನ ಫುಟ್‌ಪಾತ್‌ನಲ್ಲಿ ಹಳೆಯ ಪುಸ್ತಕಗಳ ರಾಶಿಯ ಮುಂದೆ ಕೂರಲು ಜಾಗವಿಲ್ಲ, ಅಂಗಡಿಯವನ ತಾಳ್ಮೆಗೂ ಮಿತಿಯಿದೆ. ಐದು ನಿಮಿಷದಲ್ಲಿ ತೀರ್ಮಾನವಾಗಬೇಕು. ಬೆನ್ನುಡಿಯನ್ನು ಓದಬೇಡಿ. ಕನ್ನಡದಲ್ಲಿ ಬೆನ್ನುಡಿ ಎಂದರೆ ಲೇಖಕರ ಗೆಳೆಯರು ಬರೆದ ಶುಭಾಶಯ ಪತ್ರ. ಮುನ್ನುಡಿಯನ್ನಂತೂ ಪುಸ್ತಕ ಮುಗಿಸಿದ ಮೇಲೆಯೇ ಓದಿ. ಅನೇಕ ಮುನ್ನುಡಿಕಾರರು ಸೌಜನ್ಯದಿಂದ ಇಡೀ ಕಥೆಯನ್ನು ಹೇಳಿಬಿಟ್ಟಿರುತ್ತಾರೆ.

ಓದಬೇಕಾದದ್ದು ಶೀರ್ಷಿಕೆಯ ಹಿಂದಿನ ಪುಟ. ‘ಪ್ರತಿಗಳು: 1000’, ‘ಬಳಸಿದ ಕಾಗದ: 70 ಜಿಎಸ್‌ಎಂ ಮ್ಯಾಪ್‌ಲಿಥೊ’ ಎಂದು ಕಾಗದದ ತೂಕವನ್ನೂ ಬಿಡದೆ ಹೇಳುವ ಆ ಪುಟದಲ್ಲಿ ಮುದ್ರಣಗಳ ವರ್ಷವೂ ಇರುತ್ತದೆ. ನಲವತ್ತು ವರ್ಷದ ಅಂತರದಲ್ಲಿ ಆರೇಳು ಮುದ್ರಣ ಕಂಡ ಕಾದಂಬರಿಯನ್ನು ಒಂದಕ್ಕಿಂತ ಹೆಚ್ಚು ತಲೆಮಾರು ಬಯಸಿದೆ ಎಂದರ್ಥ. ಆದರೆ ಪಠ್ಯಪುಸ್ತಕವಾಗಿತ್ತೇ ಎಂದೂ ನೋಡಿಕೊಳ್ಳಿ, ಆಗ ಬಯಸಿದ್ದು ವಿಶ್ವವಿದ್ಯಾಲಯ. ಕಾದಂಬರಿಯಾದರೆ ನಡುವಿನ ಯಾವುದಾದರೂ ಪುಟ ತೆರೆದು ಸಂಭಾಷಣೆ ಇರುವ ಕಡೆ ಓದಿ. ಮೊದಲ ಪುಟವನ್ನು ಎಲ್ಲರೂ ತಿದ್ದಿ ತಿದ್ದಿ ಬರೆದಿರುತ್ತಾರೆ. ಜನ ಮಾತಾಡಿದಂತೆ ಕೇಳಿಸುತ್ತದೆಯೇ ಎಂಬುದು ನಡುವೆ ತಿಳಿಯುತ್ತದೆ. ವಿಷಯದ ಪುಸ್ತಕವಾದರೆ ಪರಿವಿಡಿ ಮತ್ತು ವರ್ಷ. ತೆರಿಗೆ, ಔಷಧ, ಕಂಪ್ಯೂಟರ್ ಕುರಿತ ಹಳೆಯ ಪುಸ್ತಕ ಎಷ್ಟೇ ಅಗ್ಗವಾಗಿದ್ದರೂ ಬೇಡ. ಇತಿಹಾಸ, ಪ್ರವಾಸ, ಅಡುಗೆಯಾದರೆ ಹಳೆಯದೂ ನಡೆಯುತ್ತದೆ. ಗ್ರಂಥಾಲಯದಲ್ಲಿ ಇನ್ನೊಂದು ಅನುಕೂಲವಿದೆ: ಹಿಂದೆ ಅಂಟಿಸಿದ ದಿನಾಂಕದ ಚೀಟಿ. ಮೊಹರುಗಳು ಒತ್ತೊತ್ತಾಗಿದ್ದರೆ ಜನ ಒಯ್ಯುತ್ತಿದ್ದಾರೆ. ಒಂದೇ ಒಂದು ಮೊಹರಿದ್ದು ಅದೂ ಹಳೆಯದಾಗಿದ್ದರೆ, ನಿಮ್ಮ ಸಾಲಿಗೆ ಹೊಂದುವುದಾದರೆ, ಅದನ್ನೇ ಮೊದಲು ತೆಗೆದುಕೊಳ್ಳಿ ಎನ್ನುತ್ತೇನೆ.

ಬಿಡುವ ಲೆಕ್ಕ

ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಒಂದು ನಿಯಮ ಹೇಳಿದ್ದಾರೆ: 50 ಪುಟ ಓದಿ, ಹಿಡಿಸದಿದ್ದರೆ ಬಿಡಿ. ವಯಸ್ಸು 50 ದಾಟಿದ್ದರೆ 100ರಿಂದ ನಿಮ್ಮ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಸಾಕು. 70ರ ಹಿರಿಯರು 30 ಪುಟಕ್ಕೇ ಕೈಮುಗಿಯಬಹುದು. ನಮ್ಮಲ್ಲಿ ಪುಸ್ತಕ ಅರ್ಧಕ್ಕೆ ಬಿಟ್ಟರೆ ಸರಸ್ವತಿಗೆ ಅಪಚಾರ ಎಂಬ ಅಳುಕು ಇದೆ. ಇಷ್ಟವಿಲ್ಲದ್ದನ್ನು ತಿಂಗಳುಗಟ್ಟಲೆ ದಿಂಬಿನ ಪಕ್ಕ ಇಟ್ಟುಕೊಂಡು ಬೇರೆ ಏನನ್ನೂ ಓದದಿರುವುದು ದೊಡ್ಡ ಅಪಚಾರ.

ಪಕ್ಕದ ಭಾಷೆ

ಬೆಂಗಳೂರಿನ ಓದುಗರಿಗಿಂತ ನಮಗೆ ಒಂದು ಕೈ ಹೆಚ್ಚು. ಇಲ್ಲಿ ಓದಿ ಬೆಳೆದವರಿಗೆ ಮರಾಠಿ ಬರುತ್ತದೆ. ಸಿದ್ದಲಿಂಗಯ್ಯನವರ ದಲಿತ ಆತ್ಮಕಥೆ ‘ಊರುಕೇರಿ’ ಓದಿದವರು ದಯಾ ಪವಾರರ ಮರಾಠಿ ದಲಿತ ಆತ್ಮಕಥೆ ‘ಬಲುತ’ವನ್ನು (1978) ಮೂಲದಲ್ಲೇ ಓದಬಹುದು, ಅದರಲ್ಲಿ ಬರುವ ಕಾವಾಖಾನಾ ಎಂಬ ಕೇರಿ ನಮ್ಮದೇ ಊರಿನದು. ಗಿರಣಿಯ ಜಾಡು ಹಿಡಿದವರಿಗೆ ಕಾರ್ಮಿಕರ ಬದುಕನ್ನು ಬರೆದ ಮರಾಠಿ ಕವಿ ನಾರಾಯಣ ಸುರ್ವೆಯವರ ಕವಿತೆಗಳಿವೆ. ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರಿಂದ ಇದೆ, ಮುಂಬೈಯದು 1898ರಿಂದ. ಕನ್ನಡ ಲಿಪಿ ಬಾರದ ಮಕ್ಕಳಿಗೂ ಸೊಸೆಯಂದಿರಿಗೂ ತಿರುಗು ದಾರಿ ಇದೆ: ಪುಣೆಯ ಉಮಾ ಕುಲಕರ್ಣಿಯವರು ಭೈರಪ್ಪ, ಕಾರಂತರ ಕಾದಂಬರಿಗಳನ್ನು ಮರಾಠಿಗೆ ತಂದಿದ್ದಾರೆ. ಒಂದೇ ಕಾದಂಬರಿಯನ್ನು ಅತ್ತೆ ಕನ್ನಡದಲ್ಲೂ ಸೊಸೆ ಮರಾಠಿಯಲ್ಲೂ ಓದಿ ಊಟದ ಹೊತ್ತಿಗೆ ಜಗಳವಾಡುವ ಮನೆಗಳು ಈ ಊರಿನಲ್ಲಿ ಇರಬೇಕು.

ಇಷ್ಟಾದರೂ ಹೊಳೆಯದಿದ್ದರೆ ಯಾರನ್ನಾದರೂ ಕೇಳಿ. ಕೇಳುವ ರೀತಿ ಬದಲಿಸಿಕೊಳ್ಳಿ. ಸಂಘದ ಕಾರ್ಯಕ್ರಮ ಮುಗಿದು ಎಲ್ಲರೂ ಕಾಫಿಗೆ ನಿಂತಾಗ ಹಿರಿಯರೊಬ್ಬರ ಬಳಿ ಹೋಗಿ, ‘ಸರ್, ನೀವು ಎರಡನೆಯ ಸಲ ಓದಿದ ಪುಸ್ತಕ ಯಾವುದು?’ ಎಂದು ಕೇಳಿ. ಒಳ್ಳೆಯ ಪುಸ್ತಕ ಯಾವುದು ಎಂದರೆ ಜನ ಮರ್ಯಾದೆಯ ಉತ್ತರ ಕೊಡುತ್ತಾರೆ. ಈ ಪ್ರಶ್ನೆಗೆ ಸ್ವಲ್ಪ ಯೋಚಿಸಿ, ಕೆಲವೊಮ್ಮೆ ನಾಚಿಕೊಂಡು, ಪತ್ತೇದಾರಿ ಕಾದಂಬರಿಯ ಹೆಸರನ್ನೋ ಅಡುಗೆ ಪುಸ್ತಕದ ಹೆಸರನ್ನೋ ಹೇಳುತ್ತಾರೆ. ಅದನ್ನು ಬರೆದುಕೊಳ್ಳಿ. ‘ಅದರಲ್ಲಿ ಏನಿದೆ ಸರ್?’ ಎಂದು ಮಾತ್ರ ಕೇಳಬೇಡಿ. ಕೊನೆಯ ಗಾಡಿ ತಪ್ಪುತ್ತದೆ.