ಬ್ಯಾಂಕ್ ಪರೀಕ್ಷೆಯ ಇಂಗ್ಲಿಷ್: ಪ್ಯಾಸೇಜ್, ಇಡಿಯಮ್ ನಾನು ಕಲಿತ ಬಗೆ

ಬ್ಯಾಂಕ್ ಕ್ಲರ್ಕ್ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು. 2021ರಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಹೇಳಿದ ಮೇಲೆ ಪ್ರಿಲಿಮ್ಸ್, ಮೇನ್ಸ್ ಎರಡೂ ಇಂಗ್ಲಿಷ್, ಹಿಂದಿಯ ಜೊತೆಗೆ 13 ಪ್ರಾದೇಶಿಕ ಭಾಷೆಗಳಲ್ಲಿ ಬರುವಂತಾಯಿತು. ರೀಸನಿಂಗ್, ಲೆಕ್ಕ ಎಲ್ಲ ಕನ್ನಡದಲ್ಲೇ ಸಿಗುತ್ತವೆ. ಆದರೆ ಇಂಗ್ಲಿಷ್ ವಿಭಾಗ ಇಂಗ್ಲಿಷ್‌ನಲ್ಲೇ ಇರುತ್ತದೆ, ಅದರಿಂದ ತಪ್ಪಿಸಿಕೊಳ್ಳೋಕೆ ದಾರಿಯಿಲ್ಲ. ಗ್ರಾಮೀಣ ಬ್ಯಾಂಕುಗಳ ಆಫೀಸ್ ಅಸಿಸ್ಟೆಂಟ್ ಪರೀಕ್ಷೆಯಲ್ಲಾದರೆ ಪ್ರಿಲಿಮ್ಸ್‌ಗೆ ಇಂಗ್ಲಿಷೇ ಇಲ್ಲ, ಮೇನ್ಸ್‌ನಲ್ಲಿ ಬೇಕಿದ್ದರೆ ಹಿಂದಿ ತಗೊಳ್ಳಬಹುದು. ಐಬಿಪಿಎಸ್ (ಬ್ಯಾಂಕುಗಳ ಪರವಾಗಿ ನೇಮಕಾತಿ ಪರೀಕ್ಷೆ ನಡೆಸುವ ಸಂಸ್ಥೆ) ಕ್ಲರ್ಕ್ ಪರೀಕ್ಷೆ ಬರೆಯುವವರಿಗೆ ಆ ಅನುಕೂಲ ಇಲ್ಲ.

ನಾನು ಹಾವೇರಿ ಜಿಲ್ಲೆಯ ಹಳ್ಳಿಯವಳು. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ, ಆಮೇಲೆ ಬಿಕಾಂ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದಿದೆ. ಅಲ್ಲಿ ಓಣಿಗೊಂದು ಕೋಚಿಂಗ್ ಕ್ಲಾಸು, ರೀಡಿಂಗ್ ರೂಮು ಇವೆ. ಲೆಕ್ಕಕ್ಕೆ, ರೀಸನಿಂಗ್‌ಗೆ ಶಾರ್ಟ್‌ಕಟ್ ಹೇಳಿಕೊಡುವವರು ಬೇಕಾದಷ್ಟು ಜನ ಸಿಕ್ಕರು. ಇಂಗ್ಲಿಷ್ ಪ್ಯಾಸೇಜ್ (ಓದಿ ಪ್ರಶ್ನೆಗಳಿಗೆ ಉತ್ತರಿಸಬೇಕಾದ ಗದ್ಯಭಾಗ) ವಿಷಯಕ್ಕೆ ಬಂದರೆ ಮಾತ್ರ ಎಲ್ಲರದೂ ಒಂದೇ ಮಾತು: "ದಿನಾ ಇಂಗ್ಲಿಷ್ ಪೇಪರ್ ಓದ್ರಿ." ಹೇಗೆ ಓದಬೇಕು ಅನ್ನೋದನ್ನು ನಾನೇ ಕಂಡುಕೊಳ್ಳಬೇಕಾಯಿತು. ಈಗ ಒಂದು ಶಾಖೆಯಲ್ಲಿ ಕೌಂಟರ್ ಕೆಲಸ ಮಾಡುತ್ತಿದ್ದೇನೆ. ಕನ್ನಡ ಮಾಧ್ಯಮದ ಹುಡುಗ ಹುಡುಗಿಯರು ಫೋನ್ ಮಾಡಿ ಕೇಳುತ್ತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಪ್ರಿಲಿಮ್ಸ್‌ನ ಲೆಕ್ಕ ಹೀಗಿದೆ. ಇಂಗ್ಲಿಷ್ 30 ಪ್ರಶ್ನೆ, 30 ಅಂಕ, 20 ನಿಮಿಷ. ಆ 20 ನಿಮಿಷ ಮುಗಿದರೆ ವಿಭಾಗ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಬೇರೆ ವಿಭಾಗದಲ್ಲಿ ಉಳಿದ ಸಮಯ ಇಲ್ಲಿಗೆ ತರೋಕಾಗಲ್ಲ. ಅಂದರೆ ಒಂದು ಪ್ರಶ್ನೆಗೆ 40 ಸೆಕೆಂಡ್. ಪ್ಯಾಸೇಜ್ ಓದುವ ಹೊತ್ತೂ ಅದರೊಳಗೇ ಬರಬೇಕು. ಗೊತ್ತಿಲ್ಲದ ಪದ ಬಂದಲ್ಲೆಲ್ಲ ನಿಂತು ಯೋಚಿಸುವವರಿಗೆ ಇದು ಸಾಲದು.

ನನಗೆ ಎಲ್ಲಕ್ಕಿಂತ ಜಾಸ್ತಿ ನೆರವಾದದ್ದು ಕನ್ನಡ ಪೇಪರ್. ಕೇಳಿದವರು ನಂಬುವುದಿಲ್ಲ, ಆದರೆ ನಿಜ. ಬ್ಯಾಂಕ್ ಪರೀಕ್ಷೆಯ ಪ್ಯಾಸೇಜ್‌ಗಳು ಬಹಳ ಸಲ ಹಣಕಾಸು, ಕೃಷಿ, ಉದ್ಯೋಗ, ಹವಾಮಾನ, ಡಿಜಿಟಲ್ ಪಾವತಿ ಇಂಥ ವಿಷಯಗಳ ಮೇಲೆ ಇರುತ್ತವೆ. ವಿಷಯವೇ ಹೊಸದು, ಭಾಷೆಯೂ ಹೊಸದು ಅಂದರೆ ತಲೆಗೆ ಎರಡು ಭಾರ. ಅದಕ್ಕೆ ನಾನು ಬೆಳಿಗ್ಗೆ ಗ್ರಂಥಾಲಯದಲ್ಲಿ ಮೊದಲು 'ಪ್ರಜಾವಾಣಿ' ಓದುತ್ತಿದ್ದೆ. ಅದೇ ವಿಷಯದ ಮೇಲೆ 'ಡೆಕ್ಕನ್ ಹೆರಾಲ್ಡ್' ಅಥವಾ 'ದಿ ಹಿಂದೂ' ಸಂಪಾದಕೀಯ ಬಂದಿದೆಯಾ ಅಂತ ಹುಡುಕಿ ಆಮೇಲೆ ಅದನ್ನು ಓದುತ್ತಿದ್ದೆ. ವಿಷಯ ಆಗಲೇ ಗೊತ್ತಿರುವುದರಿಂದ ಕಣ್ಣು ಪದಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತಿರಲಿಲ್ಲ. ಈ ವಾಕ್ಯ ಇಂಥದ್ದನ್ನೇ ಹೇಳುತ್ತಿರಬೇಕು ಅಂತ ಊಹೆ ಬರುತ್ತಿತ್ತು, ಮುಕ್ಕಾಲು ಪಾಲು ಸರಿಯೂ ಆಗಿರುತ್ತಿತ್ತು. ಡಿಕ್ಷನರಿ ಸಂಜೆಗೆ ಮಾತ್ರ.

ಹೀಗೆ ಓದುವಾಗ ರೆಪೊ ದರದ (ಆರ್‌ಬಿಐ ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿ ದರ) ಸುದ್ದಿ ನನಗೆ ಒಂದು ದೊಡ್ಡ ಪಾಠವೇ ಆಯಿತು. 2023ರ ಫೆಬ್ರುವರಿಯಿಂದ 2025ರ ಫೆಬ್ರುವರಿ ತನಕ ರೆಪೊ ದರ 6.5 ಪರ್ಸೆಂಟ್‌ನಲ್ಲೇ ನಿಂತಿತ್ತು. ಆರ್‌ಬಿಐ ಹಣಕಾಸು ನೀತಿ ಸಮಿತಿ ಸುಮಾರು ಎರಡು ತಿಂಗಳಿಗೊಮ್ಮೆ ಸೇರುತ್ತದೆ. ಪ್ರತಿ ಸಲವೂ ಸುದ್ದಿ ಅದೇ: ದರ ಬದಲಾಗಿಲ್ಲ. ಕನ್ನಡ ಪೇಪರಿನಲ್ಲಿ 'ರೆಪೊ ದರ ಯಥಾಸ್ಥಿತಿ' ಅಂತ ಒಂದೇ ಸಾಲು. ಇಂಗ್ಲಿಷ್ ಪತ್ರಿಕೆಗಳಲ್ಲಿ ಅದಕ್ಕೇ ಎಷ್ಟೊಂದು ಮಾತು! 'ಹೆಲ್ಡ್ ಸ್ಟೆಡಿ', 'ಲೆಫ್ಟ್ ಅನ್‌ಚೇಂಜ್ಡ್', 'ಸ್ಟೇಯ್ಡ್ ಪುಟ್', 'ಸ್ಟುಡ್ ಪ್ಯಾಟ್', 'ಹಿಟ್ ದಿ ಪಾಜ್ ಬಟನ್'. ಎಲ್ಲದರ ಅರ್ಥ ಒಂದೇ, ಇದ್ದಲ್ಲೇ ಇರುವುದು. 'ಕೀಪ್ ದಿ ಪೌಡರ್ ಡ್ರೈ' ಅಂದರೆ ಮಾತ್ರ ಸ್ವಲ್ಪ ಬೇರೆ: ಈಗ ಸುಮ್ಮನಿದ್ದು, ಮುಂದೆ ಬೇಕಾದಾಗ ಬಳಸೋಕೆ ಶಕ್ತಿ ಉಳಿಸಿಕೊಳ್ಳುವುದು. ಸುದ್ದಿ ಮೊದಲೇ ಗೊತ್ತಿದ್ದರಿಂದ ಇವನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳಲಿಲ್ಲ. ನೋಟ್‌ಬುಕ್ಕಿನಲ್ಲಿ 'ದರ ಬದಲಾಗಲಿಲ್ಲ' ಅಂತ ಮೇಲೆ ಬರೆದು, ಕೆಳಗೆ ಒಂದೊಂದೇ ಸೇರಿಸುತ್ತಾ ಹೋದೆ. ಆಮೇಲೆ 'ಕಡಿವಾಣ ಹಾಕುವುದು' ಅನ್ನುವ ಪುಟದಲ್ಲಿ 'ರೇನ್ ಇನ್', 'ಕರ್ಬ್', 'ಕ್ಲ್ಯಾಂಪ್ ಡೌನ್ ಆನ್' ಬಂದವು. 'ಹಂತ ಹಂತವಾಗಿ ನಿಲ್ಲಿಸುವುದು' ಅಂದರೆ 'ಫೇಸ್ ಔಟ್', ಪೂರ್ತಿ ತೆಗೆದುಹಾಕುವುದು ಅಂದರೆ 'ಡೂ ಅವೇ ವಿಥ್'.

ಇಡಿಯಮ್ ಪುಸ್ತಕಗಳು ಎ ಇಂದ ಝಡ್ ತನಕ ಅಕ್ಷರಮಾಲೆಯಲ್ಲಿ ಇರುತ್ತವೆ. ಹಾಗೆ ಕಲಿತರೆ ನಿಲ್ಲಲ್ಲ, ನನ್ನ ಅಭಿಪ್ರಾಯದಲ್ಲಿ. ಸಂದರ್ಭದ ಪ್ರಕಾರ ಗುಂಪು ಮಾಡಿಕೊಂಡರೆ ಒಂದು ನೆನಪಾದರೆ ಉಳಿದವೂ ಬರುತ್ತವೆ.

ಇನ್ನೊಂದು ಕೆಲಸ ಮಾಡಿದೆ. ಪ್ರತಿ ಇಡಿಯಮ್ಮಿಗೂ ಕನ್ನಡದ ಜೋಡಿ ಹುಡುಕಿದೆ. ನಮ್ಮ ಭಾಷೆಯಲ್ಲಿ ಗಾದೆ, ನುಡಿಗಟ್ಟಿಗೆ ಬರವೇ? 'ಬಿಟ್ವೀನ್ ದಿ ಡೆವಿಲ್ ಅಂಡ್ ದಿ ಡೀಪ್ ಸೀ' ಅಂದರೆ ಅತ್ತ ದರಿ ಇತ್ತ ಪುಲಿ. 'ಎ ಡ್ರಾಪ್ ಇನ್ ದಿ ಓಷನ್' ಅಂದರೆ ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. 'ಮೇಕ್ ಹೇ ವೈಲ್ ದಿ ಸನ್ ಶೈನ್ಸ್' ನಮ್ಮ ಗಾಳಿ ಬಂದಾಗ ತೂರಿಕೋ. 'ಆಡ್ ಫ್ಯೂಯಲ್ ಟು ದಿ ಫೈರ್' ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು. ಒಮ್ಮೆ ಜೋಡಿ ಕೂತರೆ ಮರೆಯುವುದು ಕಷ್ಟ. ನಮ್ಮವ್ವ ದಿನಾ ಆಡುವ ಮಾತುಗಳೇ ತಾನೆ ಇವು.

ಆದರೆ ಇಲ್ಲೊಂದು ಅಪಾಯವೂ ಇದೆ. ನೋಡೋಕೆ ಕನ್ನಡದ್ದೇ ಥರ ಇದ್ದು, ಅರ್ಥ ಬೇರೆಯೇ ಇರುವ ಇಡಿಯಮ್‌ಗಳಿವೆ. 'ಲೆಂಡ್ ಎ ಹ್ಯಾಂಡ್' ಅಂದರೆ ನೆರವಾಗುವುದು. ನಮ್ಮಲ್ಲಿ 'ಕೈ ಕೊಟ್ಟ' ಅಂದರೆ ಮೋಸ ಮಾಡಿದ. 'ಲೂಸ್ ಹಾರ್ಟ್' ಅಂದರೆ ಧೈರ್ಯಗೆಡುವುದು. ನಮ್ಮಲ್ಲಿ 'ಮನಸೋತಳು' ಅಂದರೆ ಮೆಚ್ಚಿ ಮರುಳಾದಳು. 'ಹೆಡ್ ಓವರ್ ಹೀಲ್ಸ್' ಪ್ರೀತಿಯಲ್ಲಿ ಮುಳುಗಿರುವುದಕ್ಕೆ ಹೇಳುವ ಮಾತು, ಯೋಜನೆ 'ತಲೆಕೆಳಗಾಯಿತು' ಅನ್ನೋದಕ್ಕೂ ಅದಕ್ಕೂ ಸಂಬಂಧವಿಲ್ಲ. ಇಂಥವನ್ನು ಕೆಂಪು ಪೆನ್ನಿನಲ್ಲಿ ಬರೆದು ಬೇರೆ ಇಟ್ಟುಕೊಂಡೆ. ಪರೀಕ್ಷೆಯಲ್ಲಿ ಪದಶಃ ಅರ್ಥವನ್ನೂ ಒಂದು ಆಯ್ಕೆಯಾಗಿ ಇಟ್ಟಿರುತ್ತಾರೆ, ಹೊಳೆದದ್ದನ್ನೇ ಒತ್ತುವವರು ಅಲ್ಲಿಗೇ ಹೋಗಿ ಬೀಳುತ್ತಾರೆ.

ಹಣಕಾಸಿನ ಮಾತುಗಳಿಗೆ ಪ್ರತ್ಯೇಕ ಪುಟ ಬೇಕು. 'ಇನ್ ದಿ ರೆಡ್' ಅಂದರೆ ನಷ್ಟದಲ್ಲಿ, 'ಇನ್ ದಿ ಬ್ಲ್ಯಾಕ್' ಅಂದರೆ ಲಾಭದಲ್ಲಿ. 'ಸೀ ರೆಡ್' ಅಂದರೆ ಸಿಟ್ಟಾಗುವುದು. ಮೂರನ್ನೂ ಒಟ್ಟಿಗೇ ಬರೆದುಕೊಳ್ಳಿ. 'ಫುಟ್ ದಿ ಬಿಲ್' ಖರ್ಚು ಹೊರುವುದು, 'ಕುಕ್ ದಿ ಬುಕ್ಸ್' ಲೆಕ್ಕ ತಿದ್ದುವುದು. 'ಹೇರ್‌ಕಟ್' ಅನ್ನೋ ಪದ ದಿವಾಳಿ ಪ್ರಕರಣಗಳ ಪ್ಯಾಸೇಜ್‌ನಲ್ಲಿ ಬಂದರೆ, ಸಾಲ ಕೊಟ್ಟವರು ಬರಬೇಕಾದ ಹಣದಲ್ಲಿ ಒಂದು ಭಾಗ ಬಿಟ್ಟುಕೊಡುವುದು ಅಂತ. 'ರೈಟ್ ಆಫ್' ಮತ್ತು 'ವೇವ್ ಆಫ್' ವ್ಯತ್ಯಾಸವನ್ನಂತೂ ಚೆನ್ನಾಗಿ ತಿಳಿದಿರಬೇಕು. 2018ರಲ್ಲಿ ನಮ್ಮ ರಾಜ್ಯದಲ್ಲಿ ಬೆಳೆಸಾಲ ಮನ್ನಾ ಆಯಿತಲ್ವಾ, ಅದು 'ವೇವರ್'. 'ರೈಟ್ ಆಫ್' ಅಂದರೆ ಬ್ಯಾಂಕು ವಸೂಲಾಗದ ಸಾಲವನ್ನು ತನ್ನ ಬ್ಯಾಲೆನ್ಸ್ ಶೀಟಿನಿಂದ ತೆಗೆಯುವುದು ಅಷ್ಟೇ. ಸಾಲಗಾರನ ಬಾಕಿ ಹಾಗೇ ಇರುತ್ತದೆ, ವಸೂಲಿಯೂ ನಡೆಯುತ್ತದೆ. ಇದು ತಿಳಿಯದಿದ್ದರೆ ಇಡೀ ಪ್ಯಾಸೇಜ್ ಉಲ್ಟಾ ಅರ್ಥವಾಗುತ್ತದೆ.

ಈಗ ಪ್ಯಾಸೇಜ್ ಬಿಡಿಸುವ ಬಗೆ. ಮೊದಲು ಪ್ರಶ್ನೆ ಓದಬೇಕೋ, ಪ್ಯಾಸೇಜ್ ಓದಬೇಕೋ ಅಂತ ಜಗಳ ಯಾವಾಗಲೂ ಇದ್ದದ್ದೇ. ನಾನು ಪ್ರಶ್ನೆಗಳ ಮೇಲೆ ಒಮ್ಮೆ ಕಣ್ಣು ಹಾಯಿಸುತ್ತಿದ್ದೆ, ಆಯ್ಕೆಗಳನ್ನು ಮುಟ್ಟುತ್ತಿರಲಿಲ್ಲ. ಐದು ಆಯ್ಕೆಯಲ್ಲಿ ನಾಲ್ಕು ಸುಳ್ಳು, ಮೊದಲೇ ಓದಿದರೆ ಆ ಸುಳ್ಳುಗಳೂ ತಲೆಯಲ್ಲಿ ಕೂರುತ್ತವೆ. ಆಮೇಲೆ ಪ್ಯಾಸೇಜ್ ಮೊದಲಿಂದ ಕೊನೆ ತನಕ ಒಂದೇ ಓಟ. 'ಬಟ್', 'ಹೌಎವರ್', 'ಯೆಟ್', 'ದೋ' ಬಂದಲ್ಲಿ ಮಾತ್ರ ನಿಧಾನ. ಲೇಖಕ ತನ್ನ ನಿಜವಾದ ಮಾತನ್ನು ಹೇಳುವುದು ಸಾಮಾನ್ಯವಾಗಿ ಅಲ್ಲೇ. ಅದಕ್ಕೂ ಮುಂಚೆ ಇರುವುದು ಹೆಚ್ಚಾಗಿ ಬೇರೆಯವರ ವಾದ.

ಒಂದು ಉದಾಹರಣೆ ಬಿಡಿಸಿ ತೋರಿಸುತ್ತೇನೆ. 2023ರ ನವೆಂಬರ್‌ನಲ್ಲಿ ಆರ್‌ಬಿಐ ಅಡಮಾನವಿಲ್ಲದ ಪರ್ಸನಲ್ ಲೋನ್‌ಗಳ ರಿಸ್ಕ್ ವೇಟ್ (ಸಾಲ ಎಷ್ಟು ಅಪಾಯದ್ದು ಅಂತ ಲೆಕ್ಕ ಹಾಕುವ ಅಳತೆ) ಅನ್ನು 100ರಿಂದ 125 ಪರ್ಸೆಂಟ್‌ಗೆ ಏರಿಸಿತು. ಅಂಥ ಸಾಲ ಕೊಡುವ ಬ್ಯಾಂಕು ಅದಕ್ಕೆ ತನ್ನ ಬಂಡವಾಳ ಜಾಸ್ತಿ ಎತ್ತಿಡಬೇಕು. ಮನೆ, ಶಿಕ್ಷಣ, ವಾಹನ, ಚಿನ್ನದ ಸಾಲಗಳನ್ನು ಇದರಿಂದ ಹೊರಗಿಟ್ಟಿತ್ತು. ಇದರ ಮೇಲೆ ಒಂದು ಪ್ಯಾಸೇಜ್ ಇದೆ ಅಂದುಕೊಳ್ಳಿ. ಇಷ್ಟು ವಿವರ ಕೊಟ್ಟು, ಕೊನೆಗೆ ಹೀಗೊಂದು ವಾಕ್ಯ ಬರುತ್ತದೆ: 'ದಿ ಮೂವ್ ಮೇ ನಾಟ್ ಚೋಕ್ ಆಫ್ ಕ್ರೆಡಿಟ್, ಬಟ್ ಇಟ್ ಶುಡ್ ಮೇಕ್ ಲೆಂಡರ್ಸ್ ಥಿಂಕ್ ಟ್ವೈಸ್.' ಸಾಲವೇ ನಿಂತುಹೋಗಲಿಕ್ಕಿಲ್ಲ, ಆದರೆ ಕೊಡುವವರು ಎರಡು ಸಲ ಯೋಚಿಸಬೇಕಾಗುತ್ತದೆ ಅಂತ. ಲೇಖಕರ ನಿಲುವೇನು ಅನ್ನೋದು ಪ್ರಶ್ನೆ.

ಒಂದು ಆಯ್ಕೆ: ಆರ್‌ಬಿಐ ಪರ್ಸನಲ್ ಲೋನ್ ನಿಲ್ಲಿಸಿಬಿಟ್ಟಿದೆ. ಇದು ವಿಪರೀತಕ್ಕೆ ಹೋಯಿತು, ಲೇಖಕ 'ಮೇ ನಾಟ್' ಅಂದಿದ್ದಾನೆ. ಇನ್ನೊಂದು: ಮನೆ ಸಾಲ ಕೊಡುವ ಬ್ಯಾಂಕುಗಳಿಗೆ ಈ ಕ್ರಮದಿಂದ ಪೆಟ್ಟು. ಪ್ಯಾಸೇಜ್‌ನ ಪದಗಳೇ ಇವೆ, ಆದರೆ ಹೊರಗಿಟ್ಟದ್ದನ್ನು ಒಳಗೆ ತಂದಿದ್ದಾರೆ. ಮತ್ತೊಂದು: ಕ್ರೆಡಿಟ್ ಕಾರ್ಡ್ ಬಾಕಿಯ ರಿಸ್ಕ್ ವೇಟೂ ಏರಿತು. ಇದು ಹೊರಗಿನ ಪ್ರಪಂಚದಲ್ಲಿ ನಿಜ, ಅದೇ ದಿನ ಆರ್‌ಬಿಐ ಅದನ್ನೂ ಏರಿಸಿತ್ತು. ಆದರೆ ಈ ಪ್ಯಾಸೇಜ್‌ನಲ್ಲಿ ಇಲ್ಲ, ಹಾಗಾಗಿ ಉತ್ತರವಲ್ಲ. ಪೇಪರ್ ಚೆನ್ನಾಗಿ ಓದುವವರನ್ನು ಎಡವಿಸುವ ಆಯ್ಕೆ ಇದೇ. ಕನ್ನಡದಲ್ಲಿ ಮೊದಲು ವಿಷಯ ಓದಿಕೊಳ್ಳಿ ಅಂದೆನಲ್ಲ, ಅದು ಅರ್ಥ ಮಾಡಿಕೊಳ್ಳೋಕೆ. ಉತ್ತರ ಮಾತ್ರ ಪರದೆಯ ಮೇಲಿರುವ ಸಾಲಿನಿಂದಲೇ ಬರಬೇಕು. ಸರಿ ಉತ್ತರ ಸಪ್ಪೆಯಾಗಿ ಇರುತ್ತದೆ: ಈ ಕ್ರಮದಿಂದ ಬ್ಯಾಂಕುಗಳು ಸಾಲ ಕೊಡುವಾಗ ಹೆಚ್ಚು ಎಚ್ಚರ ವಹಿಸಬಹುದು. 'ಓನ್ಲಿ', 'ಆಲ್ವೇಸ್', 'ನೆವರ್', 'ಆಲ್' ಇರುವ ಆಯ್ಕೆಗಿಂತ 'ಮೇ', 'ಲೈಕ್ಲಿ', 'ಸಮ್' ಇರುವ ಆಯ್ಕೆಯನ್ನು ಮೊದಲು ಪರೀಕ್ಷಿಸಿ ನೋಡುತ್ತಿದ್ದೆ.

ಪೇಪರಿನಲ್ಲಿ ಓದುವುದಕ್ಕೂ ಕಂಪ್ಯೂಟರಿನಲ್ಲಿ ಓದುವುದಕ್ಕೂ ವ್ಯತ್ಯಾಸವಿದೆ. ಪರೀಕ್ಷೆಯಲ್ಲಿ ಎಡಕ್ಕೆ ಪ್ಯಾಸೇಜ್, ಬಲಕ್ಕೆ ಪ್ರಶ್ನೆ ಇರುತ್ತದೆ, ಸ್ಕ್ರಾಲ್ ಮಾಡುತ್ತಾ ಓದಬೇಕು, ಅಡಿಗೆರೆ ಎಳೆಯೋಕಾಗಲ್ಲ. ಅದಕ್ಕೆ ರಫ್ ಹಾಳೆಯಲ್ಲಿ ಪ್ಯಾರಾಕ್ಕೊಂದು ಕನ್ನಡ ಪದ ಗೀಚುತ್ತಿದ್ದೆ: 'ಕಾರಣ', 'ವಿರೋಧ', 'ಅಂಕಿಅಂಶ', 'ಪರಿಹಾರ'. ಪ್ರಶ್ನೆ ಬಂದಾಗ ಯಾವ ಪ್ಯಾರಾಕ್ಕೆ ಹೋಗಬೇಕು ಅಂತ ತಕ್ಷಣ ತಿಳಿಯುತ್ತಿತ್ತು. ರೂಮಿನಲ್ಲಿ ಲ್ಯಾಪ್‌ಟಾಪ್ ಇರಲಿಲ್ಲ, ಮೊಬೈಲಿನಲ್ಲೇ ಮಾಕ್ ಟೆಸ್ಟ್ (ಅಭ್ಯಾಸ ಪರೀಕ್ಷೆ) ಬರೆಯುತ್ತಿದ್ದೆ. ವಾರಕ್ಕೊಮ್ಮೆ ಸೈಬರ್ ಸೆಂಟರ್‌ಗೆ ಹೋಗಿ ದೊಡ್ಡ ಪರದೆಯಲ್ಲಿ ಬರೆದದ್ದು ಬಹಳ ಉಪಯೋಗಕ್ಕೆ ಬಂತು. ದುಡ್ಡು ಹೋದರೂ ಸರಿ, ಅದನ್ನು ಬಿಡಬೇಡಿ ಅಂತಲೇ ಎಲ್ಲರಿಗೂ ಹೇಳುತ್ತೇನೆ.

ವಿಭಾಗದೊಳಗಿನ ಕ್ರಮ ಅವರವರಿಗೆ ಬಿಟ್ಟದ್ದು. ನಾನು ಬಿಟ್ಟ ಸ್ಥಳ ತುಂಬುವುದು, ತಪ್ಪು ಹುಡುಕುವುದು, ಕ್ಲೋಜ್ ಟೆಸ್ಟ್ (ಒಂದು ಪ್ಯಾರಾದಲ್ಲಿ ಬಿಟ್ಟ ಪದಗಳನ್ನೆಲ್ಲ ತುಂಬುವುದು) ಮೊದಲು ಮುಗಿಸಿ, ಉಳಿದ ಹೊತ್ತನ್ನು ಪ್ಯಾಸೇಜ್‌ಗೆ ಕೊಡುತ್ತಿದ್ದೆ.

ಮಾಕ್ ಟೆಸ್ಟ್ ಅಂಕಕ್ಕಿಂತ ಅದರ ನಂತರದ ಕೆಲಸ ಮುಖ್ಯ. ತಪ್ಪಾದ ಪ್ರತಿ ಉತ್ತರದ ಎದುರು ಕಾರಣ ಬರೆಯುತ್ತಿದ್ದೆ: ಪದ ಗೊತ್ತಿರಲಿಲ್ಲವೋ, ತಿರುವು ಕಣ್ತಪ್ಪಿತೋ, ವಿಪರೀತದ ಆಯ್ಕೆಗೆ ಹೋದೆನೋ, ಹೊರಗಿನ ತಿಳಿವಳಿಕೆ ಒಳಗೆ ತಂದೆನೋ. ಆ ಪಟ್ಟಿ ನೋಡಿದರೆ ಗೊತ್ತಿಲ್ಲದ ಪದದಿಂದ ಹೋದ ಅಂಕ ಕಡಿಮೆ, ಉಳಿದ ಮೂರರಿಂದ ಹೋದದ್ದೇ ಜಾಸ್ತಿ. ನಂಗೆ ಇಂಗ್ಲಿಷ್ ಬರಲ್ಲ, ಪದಸಂಪತ್ತು ಇಲ್ಲ ಅಂತ ಹೆದರುವ ತಂಗಿಯರಿಗೆ, ತಮ್ಮಂದಿರಿಗೆ ನಾನು ಮೊದಲು ಈ ಪಟ್ಟಿ ಮಾಡೋಕೆ ಹೇಳುತ್ತೇನೆ.

ಇನ್ನು ಗೊತ್ತಿಲ್ಲದ ಪ್ರಶ್ನೆ ಬಿಡಬೇಕೋ, ಒತ್ತಬೇಕೋ? ತಪ್ಪಾದರೆ ಕಾಲು ಅಂಕ ಹೋಗುತ್ತದೆ, ಆಯ್ಕೆ ಐದು. ಏನೂ ಗೊತ್ತಿಲ್ಲದೆ ಸುಮ್ನೆ ಒತ್ತಿದರೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದೇ ಒಂದು ಆಯ್ಕೆ ಖಂಡಿತ ತಪ್ಪು ಅಂತ ತೆಗೆದುಹಾಕಿದರೂ ಲೆಕ್ಕ ನಮ್ಮ ಕಡೆ ಸ್ವಲ್ಪ ವಾಲುತ್ತದೆ. ಎರಡಕ್ಕೆ ಬಂದು ನಿಂತರೆ ಧೈರ್ಯವಾಗಿ ಒತ್ತಬಹುದು. ನನ್ನ ನಿಯಮ ಇಷ್ಟೇ ಇತ್ತು: ಪ್ಯಾಸೇಜ್‌ನಲ್ಲಿ ಎರಡು ಆಯ್ಕೆ ಉಳಿದರೆ ಆ ಸಾಲಿಗೆ ಹಿಂತಿರುಗಿ ಒಮ್ಮೆ ಓದಿ ಉತ್ತರಿಸುವುದು. ಇಡಿಯಮ್ ಪ್ರಶ್ನೆಯಲ್ಲಿ ಮಾತ್ರ, ಆ ಮಾತನ್ನು ಯಾವ ವಾಕ್ಯದಲ್ಲೂ ಕಂಡೇ ಇಲ್ಲ ಅನ್ನಿಸಿದರೆ ಬಿಟ್ಟು ಮುಂದೆ ಹೋಗುವುದು, ಯಾಕೆಂದರೆ ಅಲ್ಲಿ ಯೋಚಿಸುತ್ತಾ ಕೂತ ಅರ್ಧ ನಿಮಿಷಕ್ಕೆ ಪ್ಯಾಸೇಜ್‌ನಲ್ಲಿ ಒಂದು ಖಚಿತ ಅಂಕ ಸಿಗುತ್ತದೆ.