ಹೆಂಡತಿಯ ತವರು ಅಲ್ಬಾಯ್: ಫಿಲಿಪಿನೊ ಬಂಧುಬಳಗವನ್ನು ಮತ್ತೆ ಕೂಡಿಕೊಳ್ಳುವ ಬಗೆ

ಕೊಲ್ಲಿ ದೇಶಗಳಲ್ಲಿ ದುಡಿಯುತ್ತ ಫಿಲಿಪಿನೊ ಹುಡುಗಿಯ ಕೈಹಿಡಿದ ಕನ್ನಡಿಗರು, ವರ್ಷಗಳ ಬಳಿಕ ಹೆಂಡತಿ ಮಕ್ಕಳನ್ನು ಕರೆದುಕೊಂಡು ಅವಳ ತವರಿಗೆ ಹೊರಟಾಗ, ಬೊರಾಕಾಯ್, ಪಲವಾನ್ ಕಡಲತೀರಗಳಿಗೆ ಹತ್ತು ದಿನ, ಊರಿಗೆ ಮೂರು ದಿನ ಎಂದು ಲೆಕ್ಕ ಹಾಕುವುದುಂಟು. ಮೊದಲ ಸಲ ನಾನೂ ಹಾಗೆಯೇ ಮಾಡಿ ಪಶ್ಚಾತ್ತಾಪಪಟ್ಟೆ. ನನ್ನ ಹೆಂಡತಿಯ ಊರು ಲುಜಾನ್ ದ್ವೀಪದ ಆಗ್ನೇಯ ಭಾಗದ ಬಿಕೋಲ್ ಪ್ರದೇಶದಲ್ಲಿ, ಮಯೋನ್ ಅಗ್ನಿಪರ್ವತದ ಆಸುಪಾಸಿನ ಅಲ್ಬಾಯ್ ಪ್ರಾಂತದಲ್ಲಿದೆ. ಇಲ್ಲಿ ಹೇಳುವುದೆಲ್ಲ ಅಲ್ಲಿನ ಅನುಭವ.

ಊರಿಗೆ ಕಾಲಿಟ್ಟ ದಿನ ಮೊದಲು ಯಾರ ಮನೆಗೆ ಹೋಗಬೇಕೆಂಬುದನ್ನು ಹೊರಡುವ ಮುಂಚೆಯೇ ತೀರ್ಮಾನಿಸಿಕೊಳ್ಳಿ. ಉತ್ತರ ಬಹುಮಟ್ಟಿಗೆ ಒಂದೇ: ಬದುಕಿರುವವರಲ್ಲಿ ಎಲ್ಲರಿಗಿಂತ ಹಿರಿಯರ ಮನೆಗೆ. ಬಸ್ ನಿಲ್ದಾಣಕ್ಕೆ ಬಂದ ಚಿಕ್ಕತ್ತೆಯ ಮನೆಯಲ್ಲೇ ನಾವು ಊಟ ಮುಗಿಸಿ ಮಲಗಿದ್ದರಿಂದ, ಎರಡು ಓಣಿ ಆಚೆಗಿದ್ದ ಅಜ್ಜಿಯೊಬ್ಬರು ಬೈಯಲಿಲ್ಲ, ದೂರಲಿಲ್ಲ, ಮರುದಿನ ನಾವು ಹೋದಾಗ ಕೋಣೆಯಿಂದ ಹೊರಗೇ ಬರಲಿಲ್ಲ. ಹತ್ತಿರದವರ ಮೇಲಿನ ಇಂಥ ಮುನಿಸನ್ನು ಅಲ್ಲಿ 'ತಂಪೊ' ಎನ್ನುತ್ತಾರೆ. ಹೆಸರಷ್ಟೇ ತಂಪು, ಇಳಿಸುವುದಕ್ಕೆ ಮೂರು ಸಲ ಬಾಗಿಲು ತಟ್ಟಬೇಕಾಯಿತು.

ಹಿರಿಯರ ಮುಂದೆ ಹೋದೊಡನೆ ಮಾಡಬೇಕಾದದ್ದು 'ಮಾನೊ'. 'ಮಾನೊ ಪೊ' ಎಂದು ಹೇಳಿ, ಅವರು ಚಾಚಿದ ಬಲಗೈಯನ್ನು ಮೆಲ್ಲಗೆ ಹಿಡಿದು, ಬಾಗಿ, ಅಂಗೈಯ ಹಿಂಬದಿಯನ್ನು ನಿಮ್ಮ ಹಣೆಗೆ ಮುಟ್ಟಿಸಿಕೊಳ್ಳಬೇಕು. ಮುತ್ತಿಡುವ ರೂಢಿಯೆಂದು ತಪ್ಪು ತಿಳಿದು ತುಟಿಗೆ ಒಯ್ಯಬೇಡಿ. ಕಾಲಿಗೆ ಬಿದ್ದು ಆಶೀರ್ವಾದ ಬೇಡುವುದನ್ನು ಕಂಡ ನಮ್ಮ ಮಕ್ಕಳಿಗೆ ಇದು ಬೇಗ ಒಗ್ಗುತ್ತದೆ. ಆದರೂ ಮನೆಯಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿಸಿರುವುದು ಒಳ್ಳೆಯದು. 'ಪೊ' ಎಂಬುದು ಮನೀಲಾ ಕಡೆಯ ಭಾಷೆಯಾದ ಟಗಾಲಾಗ್‌ನ ಗೌರವಸೂಚಕ. ಬಿಕೋಲ್‌ನವರು ಅದೇ ಜಾಗದಲ್ಲಿ 'ತಬಿ' ಎಂದೂ ಹೇಳುತ್ತಾರೆ, ಧನ್ಯವಾದಕ್ಕೆ 'ದಿಯೋಸ್ ಮಬಾಲೊಸ್' ಎನ್ನುತ್ತಾರೆ. ಮನೀಲಾದ ಭಾಷೆ ಕಲಿತು ಬಂದ ಅಳಿಯ ಊರಿನ ಮಾತಿನಲ್ಲಿ ಎರಡು ಪದ ಆಡಿದರೆ ಅಡುಗೆಮನೆಯಲ್ಲಿ ಆಗುವ ನಗುವೇ ಬೇರೆ.

ಸಂಬಂಧವಾಚಕಗಳ ಮೇಲೆ ಹೆಚ್ಚು ಸಮಯ ಕೊಡಿ, ಏಕೆಂದರೆ ಇಲ್ಲಿ ಕನ್ನಡಿಗರಿಗೆ ಇಂಗ್ಲಿಷಿನವರಿಗಿಲ್ಲದ ಅನುಕೂಲವಿದೆ. ನನ್ನ ತಾಯಿತಂದೆಗೂ ಹೆಂಡತಿಯ ತಾಯಿತಂದೆಗೂ ಇರುವ ಸಂಬಂಧವನ್ನು ಅಲ್ಲಿ 'ಬಲಾಯೆ' ಎನ್ನುತ್ತಾರೆ. ನಮ್ಮ 'ಬೀಗರು' ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪದ ಸಿಗಲಾರದು. ಷಡ್ಡಕನಿಗೂ ಓರಗಿತ್ತಿಗೂ ಸೇರಿ 'ಬಿಲಾಸ್' ಎಂಬ ಒಂದೇ ಮಾತಿದೆ. ಅಣ್ಣನಂತಿರುವವರಿಗೆ ಟಗಾಲಾಗ್‌ನಲ್ಲಿ 'ಕೂಯ', ಅಕ್ಕನಂತಿರುವವರಿಗೆ 'ಆತೆ'. ಬಿಕೋಲ್‌ನಲ್ಲಿ 'ಮನೊಯ್', 'ಮನಾಯ್'. ವಯಸ್ಸಿನಲ್ಲಿ ದೊಡ್ಡವರನ್ನು ಬರಿಯ ಹೆಸರು ಹಿಡಿದು ಕರೆಯಬಾರದು. ಒಂದೆಡೆ ಮಾತ್ರ ಹೋಲಿಕೆ ಮುರಿದು ಬೀಳುತ್ತದೆ: ಅತ್ತೆಯ ಮಕ್ಕಳು, ಮಾವನ ಮಕ್ಕಳು, ಚಿಕ್ಕಪ್ಪನ ಮಕ್ಕಳು ಎಲ್ಲರೂ ಅಲ್ಲಿ 'ಪಿನ್ಸಾನ್', ಅಂದರೆ ಒಡಹುಟ್ಟಿದವರ ಸಮಾನ. ಅವರ ನಡುವೆ ಮದುವೆಯನ್ನು ಅಲ್ಲಿನ ಕೌಟುಂಬಿಕ ಕಾನೂನೇ ನಿಷೇಧಿಸುತ್ತದೆ. ಆದ್ದರಿಂದ ಸೋದರತ್ತೆಯ ಮಗಳನ್ನು ಮುಂದಿಟ್ಟುಕೊಂಡು ನಮ್ಮೂರಿನ ಮದುವೆಮನೆಗಳಲ್ಲಿ ಆಡುವ ಹಾಸ್ಯವನ್ನು ಅಲ್ಲಿ ದಯವಿಟ್ಟು ಆಡಬೇಡಿ.

ಬರಿಗೈಯಲ್ಲಿ ಹೋಗುವಂತಿಲ್ಲ. ಊರಿಗೆ ಮರಳುವವರು ತರುವ ಉಡುಗೊರೆ 'ಪಸಲೂಬೊಂಗ್'. ಚಾಕೊಲೇಟ್, ಸಾಬೂನು, ಟವೆಲ್ ಸಾಕು. ನಾವು ಒಯ್ದ ಮೈಸೂರು ಸ್ಯಾಂಡಲ್ ಸೋಪುಗಳು ಬಳಕೆಯಾಗದೆ ಬಟ್ಟೆಯ ಬೀರುಗಳಲ್ಲಿ ಪರಿಮಳಕ್ಕೆಂದು ಉಳಿದುಕೊಂಡವು. ಮನೆಮನೆಯ ಹೆಸರು ಬರೆದ ಪೊಟ್ಟಣಗಳ ಜೊತೆಗೆ ಹೆಸರಿಲ್ಲದ ಐದಾರನ್ನೂ ಇಟ್ಟುಕೊಳ್ಳಿ.

'ಊಟ ಆಯ್ತಾ?' ಎಂಬುದು ನಮ್ಮಲ್ಲಿ ಕುಶಲಪ್ರಶ್ನೆಯಾಗಿರುವಂತೆ 'ಕುಮಾಯಿನ್ ಕ ನ ಬಾ?' ಎಂಬುದು ಅಲ್ಲಿಯೂ ಹೌದು. ಉಂಡು ಬಂದಿದ್ದರೂ ಒಂದು ತುತ್ತು ತಿನ್ನಿ. ಸಸ್ಯಾಹಾರಿಯಾದರೆ ಹೆಂಡತಿಯಿಂದ ಮೊದಲೇ ಹೇಳಿಸಿಬಿಡಿ. ಅದಕ್ಕಿಂತ ಒಳ್ಳೆಯದು ಅಡುಗೆಮನೆಯಲ್ಲಿ ಕೂತು ಒಂದು ಅಡುಗೆ ಕಲಿಯುವುದು. ಬಿಕೋಲ್‌ನ 'ಲಾಯಿಂಗ್' ಎಂದರೆ ಒಣಗಿಸಿದ ಕೆಸುವಿನ ಎಲೆಯನ್ನು ತೆಂಗಿನ ಹಾಲು, ಮೆಣಸಿನಕಾಯಿ, ಶುಂಠಿಯೊಂದಿಗೆ ಬೇಯಿಸುವ ಪದಾರ್ಥ. ಸಾಮಾನ್ಯವಾಗಿ ಸಿಗಡಿ ಅಥವಾ ಹಂದಿಮಾಂಸವೂ ಸೇರುತ್ತದೆ. ಎಲೆ ಮೆತ್ತಗಾಗುವವರೆಗೆ ಸೌಟು ಹಾಕಬಾರದು, ಹಾಕಿದರೆ ನಾಲಗೆ ತುರಿಸುತ್ತದೆ ಎನ್ನುತ್ತಾರೆ. ನನ್ನ ಕೈ ಸೌಟಿನ ಕಡೆಗೆ ಹೋದಾಗಲೆಲ್ಲ ಅತ್ತೆ ಅದನ್ನು ಸರಿಸಿಡುತ್ತಿದ್ದರು. ಪತ್ರೊಡೆಗೆ ನಾವು ಹುಣಸೆಹಣ್ಣು ಹಾಕುವುದೂ ಇದೇ ತುರಿಕೆಗೆ ಹೆದರಿ ಎಂದು ಹೇಳಿದ ಮೇಲೆ ಆ ಅಡುಗೆಮನೆಯಲ್ಲಿ ನನಗೊಂದು ಮಣೆ ಕಾಯಂ ಆಯಿತು.

ವಂಶದ ವಿವರ ಬರೆದುಕೊಳ್ಳಲು ನೋಟ್‌ಪುಸ್ತಕ ಒಯ್ಯಿರಿ. ಫಿಲಿಪಿನೊಗಳ ಹೆಸರಿನ ನಡುವಿನ ಭಾಗ ಸಾಮಾನ್ಯವಾಗಿ ತಾಯಿಯ ತವರಿನ ಕುಲನಾಮ; ಅದನ್ನು ಹಿಡಿದು ಹೋದರೆ ಹೆಣ್ಣಿನ ಕಡೆಯ ಪೀಳಿಗೆಗಳೂ ಸಿಗುತ್ತವೆ. ಆದರೆ ಕುಲನಾಮ ಒಂದೇ ಎಂದಮಾತ್ರಕ್ಕೆ ಬಳಗವೆಂದು ಭಾವಿಸಬೇಡಿ. ಫಿಲಿಪೀನ್ಸ್ ಸ್ಪೇನಿನ ಆಳ್ವಿಕೆಯಲ್ಲಿದ್ದಾಗ, 1849ರಲ್ಲಿ, ಅಲ್ಲಿನ ಗವರ್ನರ್ ನಾರ್ಸಿಸೊ ಕ್ಲಾವೆರಿಯ ಕುಲನಾಮಗಳ ಪಟ್ಟಿಯೊಂದನ್ನು ಪ್ರಾಂತಗಳಿಗೆ ಹಂಚಿಸಿದ; ಕೆಲವೆಡೆ ಒಂದೊಂದು ಊರಿಗೆ ಒಂದೊಂದು ಅಕ್ಷರದ ಹೆಸರುಗಳು ಪಾಲಿಗೆ ಬಂದವು. ಅಲ್ಬಾಯ್‌ನ ಓಆಸ್ ಪಟ್ಟಣದಲ್ಲಿ ಇಂದಿಗೂ 'ಆರ್' ಅಕ್ಷರದಿಂದ ಶುರುವಾಗುವ ಕುಲನಾಮಗಳು ತುಂಬಿರುವುದು ಅದರಿಂದಲೇ. ಹೀಗಾಗಿ ಹೆಸರಿನ ಮೊದಲಕ್ಷರ ಮನೆತನಕ್ಕಿಂತ ಊರನ್ನೇ ಹೆಚ್ಚು ಸೂಚಿಸುತ್ತದೆ. ಹೆಚ್ಚಿನ ದಾಖಲೆ ಬೇಕಾದರೆ ಊರಿನ ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳನ್ನು ಕೇಳಿ ನೋಡಬಹುದು.

ಸಮಯ ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದರೆ, ಕ್ರಿಸ್‌ಮಸ್‌ನ ಗದ್ದಲಕ್ಕಿಂತ ಗತಿಸಿದವರನ್ನು ನೆನೆಯುವ ನವೆಂಬರ್ 1ರ 'ಉಂದಾಸ್' ನನಗೆ ಮೇಲೆನಿಸುತ್ತದೆ. ಆಗ ಇನ್ನೂ ಚಂಡಮಾರುತಗಳ ಕಾಲವಾದ್ದರಿಂದ ವಿಮಾನ ರದ್ದಾದರೂ ನಿಭಾಯಿಸುವಂತೆ ಎರಡು ದಿನ ಕೈಯಲ್ಲಿಟ್ಟುಕೊಳ್ಳಿ. ಅಂದು ದೂರದೂರದ ನೆಂಟರೆಲ್ಲ ಸ್ಮಶಾನದಲ್ಲಿ ಸೇರಿ, ಗೋರಿಗಳನ್ನು ತೊಳೆದು, ಹೂವಿಟ್ಟು, ಊಟದ ಡಬ್ಬಿ ಬಿಚ್ಚಿಕೊಂಡು ಕತ್ತಲಾಗುವವರೆಗೂ ಕೂರುತ್ತಾರೆ. ಮಕ್ಕಳು ಕರಗಿದ ಮೇಣವನ್ನು ಕೆರೆದು ಉಂಡೆ ಕಟ್ಟುತ್ತ ಓಡಾಡುತ್ತಾರೆ. ನೋಟ್‌ಪುಸ್ತಕದಲ್ಲಿ ಉಳಿದ ಖಾಲಿ ಜಾಗಗಳನ್ನು ಅಲ್ಲಿ ಕಲ್ಲಿನ ಮೇಲಿನ ಹೆಸರು, ಇಸವಿಗಳನ್ನು ನೋಡಿ ತುಂಬಿಕೊಳ್ಳಿ. ಮೇಣದಬತ್ತಿಗಳನ್ನು ನಿಮ್ಮ ಲೆಕ್ಕಕ್ಕಿಂತ ಒಂದು ಕಟ್ಟು ಹೆಚ್ಚೇ ಕೊಳ್ಳಿ. ಮಕ್ಕಳಿಲ್ಲದೆ ಹೋದ ಯಾವುದೋ ದೊಡ್ಡಮ್ಮನ ಗೋರಿ ಆ ಮೂಲೆಯಲ್ಲಿದೆ ಎಂದು ಅಜ್ಜಿ ಹೊರಡುವ ಹೊತ್ತಿಗೆ ಕೈಹಿಡಿದು ಕರೆದೊಯ್ಯುತ್ತಾರೆ.